ಕಾಡುದಾರಿಗೆ ಎಷ್ಟು ಬೆಳಕು ಬೇಕು?

ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ಊರುಗಳನ್ನು ಹಗಲಿನಲ್ಲಿ ನೋಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಕಾಳಿ ನದಿಯಲ್ಲಿ ತೆಪ್ಪ ಹತ್ತಿದವರು, ಮಂಗಟ್ಟೆ ಹಕ್ಕಿಯ ಫೋಟೊ ತೆಗೆದವರು, ಕವಳಾ ಗುಹೆಗೆ ಇಳಿದು ಬಂದವರು. ಆದರೆ ಈ ಊರುಗಳ ನಡುವಿನ ದಾರಿಗಳ ನಿಜವಾದ ಗುಣ ತಿಳಿಯುವುದು ಕತ್ತಲಾದ ಮೇಲೆ. ತೇಗದ ಮರಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಮೈಲಿಗಟ್ಟಲೆ ಒಂದು ಬೀದಿದೀಪವಿಲ್ಲ. ನಿಮ್ಮ ಪಾಲಿಗೆ ಇರುವ ಜಗತ್ತೆಂದರೆ ನಿಮ್ಮ ವಾಹನದ ದೀಪ ಎಷ್ಟು ದೂರ ಬೀಳುತ್ತದೋ ಅಷ್ಟೇ.

ನನ್ನ ಷಡ್ಡಕರು ಜೋಯಿಡಾದಲ್ಲಿ ಮಾಸ್ತರರಾಗಿದ್ದರು. ಹೀಗಾಗಿ ಹುಬ್ಬಳ್ಳಿಯಿಂದ ಆ ಕಡೆ ನಮ್ಮ ಓಡಾಟ ಆಗಾಗ ಇದ್ದೇ ಇತ್ತು. ನನ್ನದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು. ಅದರ ಹೆಡ್‌ಲೈಟಿನ ಬೆಳಕನ್ನು ನೋಡಿ ನಮ್ಮ ಮನೆಯವರು, 'ಇಳಿದು ಬೆಂಕಿಕಡ್ಡಿ ಗೀರಿ ನೋಡೋಣವೇ, ಹತ್ತಿದೆಯೋ ಇಲ್ಲವೋ ಅಂತ?' ಎಂದು ಹಾಸ್ಯ ಮಾಡುತ್ತಿದ್ದರು. ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: ಝೆನಾನ್. ಎಚ್‌ಐಡಿ ಎಂದೂ ಕರೆಯುತ್ತಿದ್ದರು.

'ಒಂದ್ ತಾಸಿನ ಕೆಲಸರಿ ಸಾಹೇಬ್ರ. ರಾತ್ರೀನ ಹಗಲು ಮಾಡಿ ಕೊಡ್ತೀನಿ' ಎಂದ ಎಲೆಕ್ಟ್ರಿಷಿಯನ್. ನಾನೂ ಮಾರುಹೋದೆ.

ಕೆಲಸವೇನೋ ನೋಡಲು ಸುಲಭವಾಗಿಯೇ ಇತ್ತು. ಹೆಡ್‌ಲೈಟಿನ ಹಿಂಬದಿಯ ರಬ್ಬರ್ ಮುಚ್ಚಳ ತೆಗೆದ, ಹಳೆಯ ಹ್ಯಾಲೊಜೆನ್ ಬಲ್ಬು ಎಳೆದ, ಅದೇ ಜಾಗದಲ್ಲಿ ಹೊಸ ಬಲ್ಬು ಕೂರಿಸಿದ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದಾದ ಎರಡು ಡಬ್ಬಿಗಳನ್ನು ಬಾನೆಟ್ಟಿನೊಳಗೆ ಬಿಗಿದ. ಅದಕ್ಕೆ ಬ್ಯಾಲಾಸ್ಟ್ ಎಂದು ಹೆಸರು. ಬ್ಯಾಟರಿಯಿಂದ ಫ್ಯೂಸು, ರಿಲೇ ಹಾಕಿ ಹೊಸ ವೈರು ಎಳೆದ. ಸ್ವಿಚ್ ಒತ್ತಿದಾಗ ಮೊದಲು ನೇರಳೆ ಬಣ್ಣದ ಮಿಂಚು, ಆಮೇಲೆ ನಿಧಾನವಾಗಿ ನೀಲಿ, ಐದಾರು ಸೆಕೆಂಡಿನಲ್ಲಿ ಹಾಲು ಚೆಲ್ಲಿದಂಥ ಬಿಳುಪು. ಗ್ಯಾರೇಜಿನ ಎದುರಿನ ಗೋಡೆಯ ಮೇಲಿದ್ದ ಸಿನಿಮಾ ಪೋಸ್ಟರಿನ ನಾಯಕಿಯೂ ಕಣ್ಣು ಕಿರಿದು ಮಾಡಿದಂತೆ ಕಂಡಿತು.

ಅದೇ ವಾರ ಹೊರಟೆವು. ಡಿಸೆಂಬರ್ ತಿಂಗಳು. ಮೊದಲು ಮುಂಡಗೋಡ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ 1966ರಲ್ಲಿ ಇಲ್ಲಿ ನೆಲೆ ಕಲ್ಪಿಸಲಾಯಿತು. ಗಾದೆನ್ ಮತ್ತು ದ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳು ಇಲ್ಲೇ ಮತ್ತೆ ತಲೆಯೆತ್ತಿದವು. ಗಾದೆನ್ ಮಠವನ್ನು ಸ್ಥಾಪಿಸಿದ ಗುರು ತ್ಸೊಂಗ್‌ಖಾಪಾ ಅವರ ಸ್ಮರಣೆಯ ದಿನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತದೆ. ಅಂದು ಅಲ್ಲಿ ದೀಪಗಳ ಹಬ್ಬ. ಕಿಟಕಿ, ಮಾಳಿಗೆ, ಮೆಟ್ಟಿಲು ಎಲ್ಲೆಲ್ಲೂ ಸಾಲು ಸಾಲು ದೀಪ. ನಮ್ಮ ಕಾರ್ತಿಕ ದೀಪೋತ್ಸವ ನೋಡಿದವರಿಗೆ ಅದು ಪರಕೀಯ ಎನಿಸುವುದಿಲ್ಲ. ಒಂದೊಂದು ಹಣತೆಯ ಬೆಳಕು ಒಂದು ಗೇಣು. ಆದರೂ ಅಷ್ಟು ಜನರ ಮುಖಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಯಾರಿಗೂ ಕಣ್ಣು ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಆಗ ಇದು ನನ್ನ ಮನಸ್ಸಿಗೆ ಹೊಳೆಯಲಿಲ್ಲ ಬಿಡಿ. ನನ್ನ ಮನಸ್ಸೆಲ್ಲ ಹೊರಗೆ ನಿಲ್ಲಿಸಿದ್ದ ಕಾರಿನ ಮೇಲಿತ್ತು.

ಹಳಿಯಾಳದ ಸ್ನೇಹಿತರ ಮನೆಯಲ್ಲಿ ಊಟಕ್ಕೆ ಹೇಳಿದ್ದರು. ಸುತ್ತು ದಾರಿಯಾದರೂ ಯಲ್ಲಾಪುರಕ್ಕೆ ಬಂದು, ಭಗವತಿ, ಸಾಂಬ್ರಾಣಿ ಮೇಲೆ ಹಳಿಯಾಳಕ್ಕೆ ಹೊರಟೆವು. ಸಿದ್ದಿ ಜನರ ಊರುಗಳಿರುವ ಸೀಮೆ ಅದು. ಹೊಸ ದೀಪದ ಬೆಳಕಿನಲ್ಲಿ ಮರದ ತೊಗಟೆಯ ಗೀರುಗಳೂ ಕಾಣುತ್ತಿದ್ದವು. ಸುಳ್ಳು ಹೇಳಬಾರದು, ಆ ದೀಪ ಒಮ್ಮೆ ನಮ್ಮನ್ನು ಕಾಪಾಡಿತು ಕೂಡ. ಕಬ್ಬು ಕಡಿಯುವ ಕಾಲ. ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಒಂದು ಕೆಟ್ಟು ದಾರಿಯಲ್ಲೇ ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನನ್ನ ಹಳೆಯ ಬಲ್ಬಾಗಿದ್ದರೆ ಕಬ್ಬಿನ ಸೋಗೆ ಗಾಜಿಗೆ ತಾಗಿದ ಮೇಲೆಯೇ ತಿಳಿಯುತ್ತಿತ್ತೇನೋ. 'ನೋಡಿದೆಯಾ!' ಎಂದು ಮನೆಯವರ ಕಡೆ ತಿರುಗಿ ಹೆಮ್ಮೆಪಟ್ಟೆ.

ಆ ಹೆಮ್ಮೆ ಹತ್ತು ನಿಮಿಷವೂ ಉಳಿಯಲಿಲ್ಲ.

ಎದುರಿನಿಂದ ಒಂದು ಮೋಟಾರ್ ಸೈಕಲ್ ಬಂತು. ಎರಡು ಸಲ ಡಿಪ್ಪರ್ ಹೊಡೆದರು. ನಾನು ಕೂಡಲೇ ಡಿಪ್ ಮಾಡಿದೆ. ಆದರೂ ಆ ಸಣ್ಣ ದೀಪ ಅತ್ತಿತ್ತ ತೂರಾಡಿತು, ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿತು, ಆಮೇಲೆ ಕಾಣಲೇ ಇಲ್ಲ. ಕಾರು ನಿಲ್ಲಿಸಿ ಓಡಿದೆ. ಗದ್ದೆಯ ಬದಿಯ ಕಾಲುವೆಯಲ್ಲಿ ಗಾಡಿ ಬಿದ್ದಿತ್ತು. ಐವತ್ತು ದಾಟಿದ ಹಿರಿಯರು, ಅವರ ಮಗಳು, ಅವಳ ಮಡಿಲಲ್ಲಿ ಮೂರು ವರ್ಷದ ಕೂಸು. ದೇವರ ದಯೆ, ಕಾಲುವೆಯಲ್ಲಿ ಹುಲ್ಲಿತ್ತು, ಕಲ್ಲಿರಲಿಲ್ಲ. ಮಗಳ ಮೊಣಕೈ ತರಚಿತ್ತು. ಕೂಸು ಹೆದರಿ ಅಳುತ್ತಿತ್ತು.

'ನಾನು ಡಿಪ್ ಮಾಡಿದ್ದೆನಲ್ಲ ಯಜಮಾನರೇ' ಎಂದೆ. ಮೊದಲು ಬಾಯಿಗೆ ಬಂದ ಮಾತು ಅದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಬೈಯಲಿಲ್ಲ. 'ಮಾಡಿದ್ರಿ ಖರೆ. ಆದ್ರ ನಮಗ ದಾರೀನ ಕಾಣಲಿಲ್ಲರಿ. ಬರೇ ಬೆಳಕ ಬೆಳಕ. ನಿಮಗೇನೋ ಎಲ್ಲಾ ಕಂಡಿರಬೇಕು' ಎಂದು ಕೂಸನ್ನು ಎತ್ತಿಕೊಂಡರು. ಮೂವರನ್ನೂ ಹಳಿಯಾಳಕ್ಕೆ ಕರೆತಂದು ಗಾಯಕ್ಕೆ ಪಟ್ಟಿ ಕಟ್ಟಿಸಿ, ಮನೆ ಮುಟ್ಟಿಸಿದೆವು. ಅಂದಿನ ಊಟ ಗಂಟಲಲ್ಲಿ ಇಳಿಯಲಿಲ್ಲ.

ಡಿಪ್ ಮಾಡಿದರೂ ಕಣ್ಣು ಕುಕ್ಕಿದ್ದೇಕೆ? ಊರಿಗೆ ಮರಳಿದ ಮೇಲೆ ಬಲ್ಲವರನ್ನು ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡದ್ದು ಇಷ್ಟು.

ಹ್ಯಾಲೊಜೆನ್ ಬಲ್ಬಿನಲ್ಲಿ ಕಾದು ಹೊಳೆಯುವ ತಂತಿಯಿರುತ್ತದೆ. ಸಾಮಾನ್ಯವಾದ ಎಚ್4 ಬಲ್ಬಿನಲ್ಲಿ ಇಂಥ ತಂತಿಗಳು ಎರಡು: ಒಂದು ದೂರಕ್ಕೆ, ಒಂದು ಡಿಪ್ಪಿಗೆ. ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಬೀಳದಂತೆ ಅದೇ ತಡೆಯುವುದು. ಹಿಂದಿನ ಕನ್ನಡಿಯ ಒಂದೊಂದು ಬಾಗೂ ಆ ತಂತಿ ಇಂಥ ಕಡೆಯೇ ಇರುತ್ತದೆಂದು ಲೆಕ್ಕ ಹಾಕಿ ಮಾಡಿದ್ದು.

ಝೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಸ್ಫಟಿಕದ ಪುಟ್ಟ ಗುಳಿಗೆಯೊಳಗೆ ಝೆನಾನ್ ಅನಿಲ ಮತ್ತು ಲೋಹದ ಲವಣಗಳಿರುತ್ತವೆ. ಬ್ಯಾಲಾಸ್ಟ್ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒಂದು ಹೊಡೆತ ಕೊಟ್ಟು ಎರಡು ಮೊನೆಗಳ ನಡುವೆ ಕಿಡಿ ಹತ್ತಿಸುತ್ತದೆ. ಆಮೇಲೆ ಅದು 35 ವ್ಯಾಟಿನಲ್ಲೇ ಉರಿಯುತ್ತದೆ. 55 ವ್ಯಾಟಿನ ಹ್ಯಾಲೊಜೆನ್ ಡಿಪ್ ಸುಮಾರು 1000 ಲ್ಯೂಮೆನ್ ಬೆಳಕು ಕೊಟ್ಟರೆ ಇದು ಕೊಡುವುದು 3000ಕ್ಕೂ ಹೆಚ್ಚು. ವಿದ್ಯೆಯೇನೋ ಅದ್ಭುತವೇ. 1991ರಲ್ಲಿ ಬಿಎಂಡಬ್ಲ್ಯು ತನ್ನ 7 ಸರಣಿಯ ಕಾರಿಗೆ ಇದನ್ನು ಹಾಕಿತು. ಆದರೆ ಅಂಥ ಕಾರುಗಳಲ್ಲಿ ಕನ್ನಡಿ, ಮಸೂರ, ಮರೆ ಎಲ್ಲವನ್ನೂ ಈ ಕಿಡಿಗಾಗಿಯೇ ಮಾಡಿರುತ್ತಾರೆ. ಯುರೋಪಿನ ನಿಯಮದಂತೆ ಇಷ್ಟು ಪ್ರಖರವಾದ ದೀಪಕ್ಕೆ ತಾನಾಗಿ ಏರಿಳಿದು ಮಟ್ಟ ಕಾಯುವ ಯಂತ್ರವೂ, ಗಾಜು ತೊಳೆಯುವ ಪಿಚಕಾರಿಯೂ ಇರಲೇಬೇಕು. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಅಕ್ಕಿ ಚೀಲ ಬಿದ್ದರೆ ಕಾರಿನ ಮೂತಿ ಮೇಲಾಗುತ್ತದೆ, ಬೆಳಕೂ ಮೇಲಾಗುತ್ತದೆ. ಗಾಜಿನ ಕೊಳೆ ಬೆಳಕನ್ನು ದಿಕ್ಕುದಿಕ್ಕಿಗೆ ಚೆಲ್ಲುತ್ತದೆ. ಅದಕ್ಕಾಗಿ ಈ ಏರ್ಪಾಡು.

ನನ್ನ ಕಾರಿನಲ್ಲಿ ಇದಾವುದೂ ಇರಲಿಲ್ಲ. ಹ್ಯಾಲೊಜೆನ್ ತಂತಿಗೆಂದು ಮಾಡಿದ ಕನ್ನಡಿಯೊಳಗೆ, ಬೇರೆ ಅಳತೆಯ ಕಿಡಿಯನ್ನು ತಂದು ಕೂರಿಸಲಾಗಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೆಳಕು ಗೆರೆ ದಾಟಿ ಮೇಲಕ್ಕೆ ಚೆಲ್ಲುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತಾರೆ. ಮೂರು ಸೆಕೆಂಡು ಕಣ್ಣು ಕತ್ತಲಾದರೆ 50 ಮೀಟರ್ ಕುರುಡು ಪಯಣ. ಆ ಹಿರಿಯರಿಗೆ ಸಿಕ್ಕದ್ದು ಅಷ್ಟೂ ಅಲ್ಲ. ವಯಸ್ಸಾದಂತೆ ಕಣ್ಣು ಚೇತರಿಸಿಕೊಳ್ಳುವುದೂ ತಡ.

ಮರುದಿನ ನಸುಕಿಗೇ ದಾಂಡೇಲಿ ದಾಟಿ ಗಣೇಶಗುಡಿಯ ಕಡೆ ಹೊರಟೆವು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ ಮೇಲೆ ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಕಾಳಿಯ ನೀರು ನಾಗಝರಿಯಲ್ಲಿ ಕರೆಂಟಾಗಿ ನಾಡಿಗೆಲ್ಲ ಹರಿದರೂ ಇಲ್ಲಿನ ಎಷ್ಟೋ ಕಾಡು ಹಳ್ಳಿಗಳು ಬಹುಕಾಲ ಚಿಮಣಿ ಬುಡ್ಡಿಯಲ್ಲೇ ರಾತ್ರಿ ಕಳೆದವು. ಅಂದು ಕಣಿವೆಯ ತುಂಬ ಮಂಜು. ದೀಪ ಹಚ್ಚಿದರೆ ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದಂತಾಯಿತು! ಮಂಜಿನ ಹನಿಗಳು ಮೇಲಕ್ಕೆ ಚೆಲ್ಲಿದ ಬೆಳಕನ್ನೆಲ್ಲ ನಮ್ಮ ಕಣ್ಣಿಗೇ ತಿರುಗಿ ಎಸೆಯುತ್ತಿದ್ದವು. ಹಿಂದಿನ ರಾತ್ರಿ ಬೇರೆಯವರಿಗೆ ಮಾಡಿದ್ದು ನನಗೇ ಬಂತು. ಕೊನೆಗೆ ದೀಪ ಆರಿಸಿ, ಬೆಳಗಾಗುವವರೆಗೆ ಪಕ್ಕಕ್ಕೆ ನಿಲ್ಲಿಸಿಕೊಂಡೆವು.

ಆಗ ಕಾಡು ಕಾಣತೊಡಗಿತು. ರಸ್ತೆಯ ಮೇಲೆ ಕೂತಿದ್ದ ನತ್ತಿಂಗ ಹಕ್ಕಿಯೊಂದು ಎದ್ದು ಹಾರಿತು. ಬಿದಿರ ಮೆಳೆಯ ಬಳಿ ನಾಲ್ಕು ಕಾಡುಕೋಣಗಳು ನಿಂತಿದ್ದವು. ರಾತ್ರಿ ಸಂಚರಿಸುವ ಬಹುತೇಕ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿರುತ್ತದೆ. ಬಂದ ಅಲ್ಪ ಬೆಳಕನ್ನು ಎರಡನೆಯ ಸಲ ಬಳಸಿಕೊಳ್ಳುವ ಉಪಾಯ ಅದು. ಅವುಗಳ ಕಣ್ಣು ಹೊಳೆಯುವುದು ಅದರಿಂದಲೇ. ನಕ್ಷತ್ರದ ಬೆಳಕಿನಲ್ಲಿ ನಡೆಯುವ ಅಂಥ ಕಣ್ಣಿಗೆ ನಮ್ಮ ದೀಪ ಹೊಡೆದರೆ ಪ್ರಾಣಿ ದಿಕ್ಕು ತೋಚದೆ ನಿಂತಲ್ಲೇ ನಿಲ್ಲುತ್ತದೆ. ಚಾಲಕ, 'ಓಡಿ ಹೋಗಬಾರದಿತ್ತೇ?' ಎನ್ನುತ್ತಾನೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ಉದ್ಯಾನ ಸೇರಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹೆಸರು ಬದಲಾದರೂ ದಾರಿ ಅದೇ, ದಾಟುವ ಪ್ರಾಣಿಗಳೂ ಅವೇ.

ಜೋಯಿಡಾದಲ್ಲಿ ಷಡ್ಡಕರ ಅಂಗಳಕ್ಕೆ ನೆರೆಯ ಕುಣಬಿ ಅಜ್ಜ ಒಬ್ಬರು ಬಂದಿದ್ದರು. ನನ್ನ ಕಥೆ ಕೇಳಿ ಅವರು ತಮ್ಮ ಕಾಲದ ಸೂಡಿಯ ಮಾತು ತೆಗೆದರು. ಒಣಗಿದ ಮಡಲು ಕಟ್ಟಿ ಹಚ್ಚಿದ ಸೂಡಿಯನ್ನು ಮೊಣಕಾಲಿಗಿಂತ ಕೆಳಗೆ, ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕಂತೆ. ಮುಖದ ಎದುರು ಹಿಡಿದರೆ ಹಿಡಿದವನಿಗೇ ಕಾಣುವುದಿಲ್ಲ. ಎದುರಿಗೆ ಯಾರಾದರೂ ಬಂದರೆ ಅದನ್ನು ಬೆನ್ನ ಹಿಂದೆ ಸರಿಸಬೇಕಂತೆ. 'ಹಾಗೆ ಸರಿಸದವನು ಕಳ್ಳನೇ ಇರಬೇಕು ಅಂತ ಲೆಕ್ಕ' ಎಂದು ನಕ್ಕರು. ನಾನು ನಗಲಿಲ್ಲ.

ಊರಿಗೆ ಬಂದವನೇ ಆ ಕಿಟ್ ತೆಗೆಸಿದೆ. ಆದರೆ ಹೊಸದಾಗಿ ಎಳೆದಿದ್ದ ವೈರು ಮತ್ತು ರಿಲೇಯ ಪಾಠ ಬಿಡಲಿಲ್ಲ. ಹಳೆಯ ಕಾರುಗಳಲ್ಲಿ ಕರೆಂಟು ಸಣ್ಣ ವೈರು, ಸವೆದ ಸ್ವಿಚ್ಚು ಸುತ್ತಿ ಬರುವಷ್ಟರಲ್ಲಿ ಸೋರಿಹೋಗುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜೆನ್ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಮಂಕಾಗಿದ್ದ ಗಾಜು ಉಜ್ಜಿಸಿ, ರಿಲೇ ಹಾಕಿಸಿ, ಕಂಪನಿಯ ಅಳತೆಯದೇ ಹ್ಯಾಲೊಜೆನ್ ಬಲ್ಬು ಕೂರಿಸಿದೆ. ಹತ್ತು ಮೀಟರ್ ದೂರದ ಗೋಡೆಯಲ್ಲಿ ಡಿಪ್ ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ತಿರುಗಿಸಿದೆವು. ಖರ್ಚು ಝೆನಾನಿನ ಕಾಲುಭಾಗವೂ ಇಲ್ಲ. ಮನೆಯವರು ಬೆಂಕಿಕಡ್ಡಿಯ ಮಾತು ನಿಲ್ಲಿಸಿದರು.

ಈಗ ಝೆನಾನಿನ ಕಾಲ ಬಹುಮಟ್ಟಿಗೆ ಮುಗಿದು ಎಲ್‌ಇಡಿ ಬಂದಿದೆ. ಅಂಗಡಿಯ ಮಾತು ಮಾತ್ರ ಅದೇ, 'ರಾತ್ರೀನ ಹಗಲು ಮಾಡ್ತೀನಿ.' ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನೂ ಕೈಗೊಂಡರು. ಆದರೆ ಸಾಂಬ್ರಾಣಿಯ ತಿರುವಿನಲ್ಲಿ ರಾತ್ರಿ ಒಂಬತ್ತಕ್ಕೆ ಪೊಲೀಸರು ಎಲ್ಲಿಂದ ಬರಬೇಕು?

ಮೊನ್ನೆ ಅದೇ ದಾರಿಯಲ್ಲಿ ಬರುತ್ತಿದ್ದೆ. ಎದುರಿನಿಂದ ಒಂದು ಮೋಟಾರ್ ಸೈಕಲ್ ಬಂತು. ಡಿಪ್ ಮಾಡಿ, ವೇಗ ತಗ್ಗಿಸಿ, ಎಡಕ್ಕೆ ಸರಿದೆ. ಅವರೂ ಡಿಪ್ ಮಾಡಿದರು. ಹಾದುಹೋಗುವಾಗ ಗಾಡಿಯ ಹಿಂದೆ ಕೂತಿದ್ದ ಮಗುವಿನ ಮುಖ ಒಂದು ಕ್ಷಣ ಕಂಡಿತು. ಅದು ಕಣ್ಣು ತೆರೆದೇ ನೋಡುತ್ತಿತ್ತು.