ಕೌದಿಯ ಗೋಡೆ

ಬೈಲಹೊಂಗಲದ ನಮ್ಮ ಮನೆಯ ಹಿಂದಣ ಕೋಣೆಯಲ್ಲಿ ಮೊದಲು ಜೋಳದ ಚೀಲಗಳಿದ್ದವು, ಈಗ ನಾನಿದ್ದೇನೆ. ಗೋಡೆಗಳಿಗೆ ನನ್ನ ತಾಯಿ ಹೊಲಿದ ನಾಲ್ಕು ಕೌದಿಗಳನ್ನು ತೂಗುಹಾಕಿ, ಬಾಗಿಲಿಗೆ ಹಳೆಯ ಗಾದಿಯೊಂದನ್ನು ಒತ್ತರಿಸಿ, ಒಂದು ಮೈಕು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಜಾಹೀರಾತುಗಳಿಗೂ ಸಾಕ್ಷ್ಯಚಿತ್ರಗಳಿಗೂ ದನಿ ಕೊಡುವುದು ನನ್ನ ಉದ್ಯೋಗ. ಸ್ಟುಡಿಯೋ ಎಂಬ ಘನವಾದ ಹೆಸರು ಕೇಳಿ ನೋಡಬಂದವರು ಕೌದಿಗಳನ್ನು ಕಂಡು ನಗುತ್ತಾರೆ. ನಗಲಿ. ಹಳೆಯ ಸೀರೆ, ಧೋತರಗಳ ಪದರುಪದರಿನ ಈ ಹೊದಿಕೆ ದನಿಯನ್ನು ಗೋಡೆಗೆ ಬಡಿದು ಮರಳಗೊಡದೆ ಹೀರಿಕೊಳ್ಳುತ್ತದೆ.

ಮನೆಯಿಂದಲೇ ಮಾತನಾಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಹೆಸರಾಯಿತು.

ನನ್ನ ಕಲಿಕೆ ಮಾತ್ರ ಧಾರವಾಡದ್ದು. 1950ರ ಜನವರಿ 8ರಂದು ಆರಂಭವಾದ ಆ ನಿಲಯದ ದನಿ ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಬೆಳಗಿನ ಚಹದಷ್ಟೇ ಬಳಕೆಯದಾಗಿತ್ತು. ಹಿಂದೆ ಬೇಂದ್ರೆಯವರು ಸಲಹೆಗಾರರಾಗಿದ್ದ ನಿಲಯವೆಂಬ ಭಯಭಕ್ತಿಯಿಂದಲೇ ನಾನು ಹಂಗಾಮಿ ಉದ್ಘೋಷಕನಾಗಿ ಒಳಹೊಕ್ಕೆ. ಎರಡೆರಡು ದಪ್ಪ ಬಾಗಿಲು. ಒಳಗೆ ಸ್ವಂತ ಉಸಿರೇ ಕೇಳುವಷ್ಟು ಮೌನ. ಕೆಂಪು ದೀಪ ಹತ್ತಿತೆಂದರೆ ಕಾಗದವೂ ಸದ್ದು ಮಾಡಕೂಡದು. ಮೈಕಿಗೆ ನೇರವಾಗಿ ಬಾಯಿಟ್ಟರೆ ಪಕಾರ, ಭಕಾರಗಳ ಉಸಿರು ಗುಂಡಿನಂತೆ ಬಡಿಯುತ್ತದೆ. ಮುಖವನ್ನು ತುಸು ಓರೆಮಾಡಬೇಕು. ಸಾವಿರಾರು ಜನರಿಗೆ ಹೇಳುತ್ತಿದ್ದೇನೆಂದು ಭಾವಿಸದೆ, ಕಟ್ಟೆಯ ಮೇಲೆ ಕುಳಿತ ಒಬ್ಬರೇ ಹಿರಿಯರಿಗೆ ಹೇಳುವಂತೆ ಓದಬೇಕು. ಎಲ್ಲಕ್ಕೂ ಮಿಗಿಲಾಗಿ, ಓದುವ ಪ್ರತಿಯೊಂದು ಹಾಳೆಯನ್ನೂ ಮೊದಲೇ ಯಾರಾದರೂ ನೋಡಿ ಒಪ್ಪಿರುತ್ತಿದ್ದರು. ನನ್ನ ಬಾಯಿಂದ ಏನು ಹೊರಡುವುದೆಂಬುದು ನನಗೂ ತಿಳಿದಿರುತ್ತಿತ್ತು, ನಿಲಯಕ್ಕೂ ತಿಳಿದಿರುತ್ತಿತ್ತು.

ಅಲ್ಲಿಯ ಮೌನವನ್ನು ಸರಕಾರ ಕಟ್ಟಿಸಿಕೊಟ್ಟಿತ್ತು. ಇಲ್ಲಿ ಅದನ್ನು ಬೇಡಿ ಪಡೆಯಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡೇ ಸಾಗುತ್ತವೆ. ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಗೆಜ್ಜೆಯ ಸದ್ದು, ‘ಉಧೋ ಉಧೋ’ ಎಂಬ ಕೂಗು. ಎಲ್ಲಮ್ಮನ ಭಕ್ತರಿಗೆ ಸುಮ್ಮನಿರಿ ಎನ್ನಬಲ್ಲವರಾರು? ಆ ದಿನಗಳಲ್ಲಿ ನಾನು ನಡುರಾತ್ರಿ ಕಳೆದ ಮೇಲೆ ಓದುತ್ತೇನೆ. ಬೇಸಿಗೆಯಲ್ಲಾದರೆ ಫ್ಯಾನು ನಿಲ್ಲಿಸಿದ ಕೋಣೆಯ ಬೆವರು ಬೇರೆ. ಹಗಲು ಓದುವುದಿದ್ದರೆ ಮನೆಯಾಕೆ ಕುಕ್ಕರಿನ ಸೀಟಿಗೆ ಮೊದಲೇ ಒಲೆ ಆರಿಸುತ್ತಾಳೆ. ಮಗಳು ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾಳೆ.

ಕಳೆದ ತಿಂಗಳು ದೂರದ ಕಂಪನಿಯೊಂದರಿಂದ ಪತ್ರ ಬಂದಿತು. ಇಪ್ಪತ್ತು ತಾಸು ಓದಿಕೊಟ್ಟರೆ ಸಾಕು, ಯಂತ್ರವು ನನ್ನ ದನಿಯನ್ನು ಕಲಿತುಕೊಂಡು ಮುಂದೆ ಬೇಕಾದುದನ್ನು ತಾನೇ ಓದುವುದಂತೆ, ಹಣ ಒಮ್ಮೆಗೇ. ಮಗಳ ಕಾಲೇಜಿನ ಎರಡು ವರ್ಷದ ಖರ್ಚು ಕಳೆಯುವಷ್ಟು ಮೊತ್ತ. ಊಟಕ್ಕೆ ಕುಳಿತಾಗ ಪತ್ರವನ್ನು ಓದಿ ಹೇಳಿದೆ.

“ಆಮ್ಯಾಲ ನಿಮ್ಮ ದನಿ ಎಲ್ಲೆಲ್ಲಿ ಏನೇನ ಹೇಳತೈತಿ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?” ಎಂದಳು ಮಡದಿ.

“ನನ್ನ ಫೀ ಸಲುವಾಗಿ ಸಹಿ ಮಾಡಬ್ಯಾಡ್ರಿ ಅಪ್ಪಾ,” ಎಂದಳು ಮಗಳು.

ಯಂತ್ರ ಓದಲಿರುವ ಪ್ರತಿ ಹಾಳೆಯನ್ನೂ ಮೊದಲು ನನಗೆ ತೋರಿಸುವುದಾದರೆ ಒಪ್ಪುವೆನೆಂದು ಮರುದಿನ ಬರೆದೆ. ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಹತ್ತಿಯ ಗುಲಾಬಿ ಕಾಯಿಕೊರಕ ಹುಳುವಿನ ಕುರಿತು ರೈತರಿಗಾಗಿ ಹತ್ತು ನಿಮಿಷ ಓದುವ ಕೆಲಸ ಬಂದಿದೆ. ಕಳಿಸಿದ ಹಾಳೆಯಲ್ಲಿ ಔಷಧದ ಅಳತೆ ಮಿಲಿಲೀಟರ್ ಇರಬೇಕಾದಲ್ಲಿ ಲೀಟರ್ ಎಂದು ಅಚ್ಚಾಗಿತ್ತು. ಫೋನು ಮಾಡಿ ತಿದ್ದಿಸಿಕೊಂಡೆ.