ಉಗುರೂ ಕಡಲ ಪಾಚಿಯೂ

ಉಗುರು ಗಟ್ಟಿಯಾಗಬೇಕಾದರೆ ಕಡಲ ಪಾಚಿಯ ಗುಳಿಗೆಯನ್ನು ನುಂಗಬೇಕೆಂಬ ಮಾತು ಈಗ ನಮ್ಮ ಊರುಗಳಿಗೂ ಬಂದಿದೆ. ಮಕ್ಕಳ ಉಗುರು ಸೀಳುವುದೆಂದು ಕಳವಳಗೊಂಡ ತಾಯಂದಿರು ಶೀಸೆಯನ್ನು ತಂದು, "ಮಾಷ್ಟ್ರೇ, ಇದನ್ನು ಕೊಡಬಹುದೇ?" ಎಂದು ನಮ್ಮನ್ನು ಕೇಳುವುದುಂಟು. ವೈದ್ಯರಲ್ಲದ ನಾವು ಔಷಧವನ್ನು ವಿಧಿಸಲಾರೆವು. ಆದರೂ ತಿಳಿದುದನ್ನು ತಿಳಿಸುವುದು ಉಪಾಧ್ಯಾಯರ ಧರ್ಮವಷ್ಟೆ.

ಕಾಸರಗೋಡಿನ ಕಡಲ ತಡಿಯವರಾದ ನಮಗೆ ಪಾಚಿ ಅಪರಿಚಿತವಲ್ಲ. ಆದರೆ ಇಂಥ ಗುಳಿಗೆಗಳಿಗೆ ಸಾಮಾನ್ಯವಾಗಿ ಬಳಸುವ ಕೆಲ್ಪ್ ಎಂಬ ಕಂದುಪಾಚಿ ಶೀತಲ ಸಮುದ್ರಗಳದು. ಅದರಲ್ಲಿ ಅಯೋಡಿನ್ ಹೇರಳವಾಗಿದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬಾತನು ಆ ಧಾತುವನ್ನು ಮೊದಲು ಕಂಡುದು ಕಡಲ ಪಾಚಿಯ ಬೂದಿಯಿಂದಲೇ. ಕೊರಳಿನ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು, ನಿಜ. ಆದರೆ 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು 120 ಮೈಕ್ರೋಗ್ರಾಂ ಮಾತ್ರ. ಮನೆಗೆ ತರುವ ಅಯೋಡಿನ್ ಉಪ್ಪಿನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಇರತಕ್ಕದ್ದೆಂದು ನಿಯಮವಿದೆ. ಅದರ ಮೇಲೆ ಗುಳಿಗೆಯೂ ಸೇರಿದರೆ ಮಿತಿ ಮೀರಿ ಗ್ರಂಥಿಯೇ ಕೆಡಬಹುದು. ಗ್ರಂಥಿಯ ಕೆಲಸ ಮಂದವಾದರೆ ಉಗುರು ಇನ್ನಷ್ಟು ಪೆಡಸಾಗಿ ಒಡೆಯುವುದು. ಅತಿಯಾದರೆ ಅಮೃತವೂ ವಿಷ. ಪಾಚಿಯಿಂದ ಉಗುರು ಬಲಿಯುವುದೆಂಬುದಕ್ಕೆ ತಕ್ಕ ಪ್ರಮಾಣವಂತೂ ದೊರೆತಿಲ್ಲ.

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದು. ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು 6 ತಿಂಗಳು ಬೇಕು. ಅದರ ಮೇಲಿನ ಬಿಳಿಯ ಚುಕ್ಕೆ ಬಹುಮಟ್ಟಿಗೆ ಸಣ್ಣ ಪೆಟ್ಟಿನ ಗುರುತು, ಸುಣ್ಣದ ಕೊರತೆಯದಲ್ಲ.

ಗಮನಿಸಬೇಕಾದ ಲಕ್ಷಣ ಬೇರೊಂದಿದೆ. ಶಾಲೆಯಲ್ಲಿ ಮಕ್ಕಳ ಕೈ ಪರೀಕ್ಷಿಸುವಾಗ ನಾವು ಕೊಳೆಯೊಡನೆ ಉಗುರಿನ ಆಕಾರವನ್ನೂ ನೋಡುತ್ತೇವೆ. ಕೆಲವರ ಉಗುರು ನಡುವೆ ತಗ್ಗಾಗಿ, ಅಂಚು ಮೇಲೆದ್ದು, ಚಮಚದಂತಿರುವುದು. ಒಂದು ಹನಿ ನೀರು ಬಿಟ್ಟರೆ ಜಾರದೆ ನಿಲ್ಲುವುದು. ಇದು ದೇಹದಲ್ಲಿ ಕಬ್ಬಿಣದ ಅಂಶ ಕಡಮೆಯಾಗಿರುವುದರ ಸೂಚನೆಯಾಗಿರಬಹುದು. ಆಹಾರದ ಕೊರತೆಯಿಂದಲೋ ಕೊಕ್ಕೆಹುಳುವಿನ ಬಾಧೆಯಿಂದಲೋ ರಕ್ತ ಕುಂದಿದ ಮಗು ಆಟದಲ್ಲಿ ಬೇಗ ಬಳಲುವುದು, ಪಾಠದಲ್ಲಿ ಮನಸ್ಸಿಡಲಾರದು. ಅದನ್ನು ಸೋಮಾರಿಯೆಂದು ಗದರುವುದು ಅನ್ಯಾಯ.

ಇಂಥ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕೆಂದು ನಾವು ತಾಯಂದಿರಿಗೆ ಹೇಳುತ್ತೇವೆ. ನುಗ್ಗೆಸೊಪ್ಪು, ಹುರುಳಿ, ಮೀನು ಊಟದಲ್ಲಿರಲಿ. ಜೊತೆಗೆ ನೆಲ್ಲಿಕಾಯಿಯೋ ಲಿಂಬೆಯೋ ಇದ್ದರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಶೀಸೆಯನ್ನು ನಂಬಿ ಹೊಸ ಉಗುರಿಗಾಗಿ ಕಾಯುವ 6 ತಿಂಗಳು ಆ ಮಗುವಿನ ಕಲಿಕೆಯ 6 ತಿಂಗಳೂ ಹೌದೆಂಬುದನ್ನು ಹೆತ್ತವರೂ ನಮ್ಮ ವೃತ್ತಿಬಾಂಧವರೂ ನೆನಪಿಡಬೇಕು.