ಅಮ್ಮನ ಮೂಗು

ಅಮ್ಮ ನನಗೆ ಬಿಟ್ಟುಹೋದದ್ದು ಎರಡೇ: ಒಂದು ಹರಳಿನ ಮೂಗುಬೊಟ್ಟು, ಅದನ್ನಿಡಲು ತನ್ನದೇ ನೀಳವಾದ ಮೂಗು. ಅವಳು ಹೋದಮೇಲೂ ಕುಂಕುಮವಿಡುವಾಗ ಕನ್ನಡಿಯಲ್ಲಿ ಒಂದು ಕ್ಷಣ ಅವಳೇ ಕಾಣುತ್ತಿದ್ದಳು.

ಮೂಗಿನ ಹೊರಗೆ ಚೆಂದವಿದ್ದರೂ ಒಳಗಿನ ನಡುಗೋಡೆ ಡೊಂಕು. ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ ಸಾಕಾಗಿ ಆಪರೇಷನ್ ಮಾಡಿಸಿಕೊಂಡೆ. ಉಸಿರೇನೋ ಸರಾಗವಾಯಿತು. ಆದರೆ ಕೆಲವು ತಿಂಗಳಲ್ಲಿ ಮೂಗು ನಡುವೆ ತಗ್ಗಿ ತುದಿ ಮೇಲೆದ್ದಿತು. ಕನ್ನಡಿಯಲ್ಲಿ ಅಮ್ಮ ಇರಲಿಲ್ಲ.

"ಉಸಿರು ಆಡುತ್ತಲ್ಲ, ಈ ವಯಸ್ಸಿಗೆ ಮೂಗಿನ ಚೆಂದ ಯಾರು ನೋಡ್ಬೇಕಮ್ಮ?" ಎಂದರು ಅತ್ತೆ. ನಾನೂ ನಕ್ಕು ಸುಮ್ಮನಾದೆ. ಆದರೆ ತಮ್ಮನ ಮಗಳ ಮದುವೆಯಲ್ಲಿ ಫೋಟೋದವರು ಕರೆದಾಗ ಕಂಬದ ಮರೆಗೆ ಸರಿದೆನಲ್ಲ, ಆಗ ನನ್ನ ಮೇಲೆ ನನಗೇ ಮರುಕ ಬಂತು.

ಬೇರೊಬ್ಬ ವೈದ್ಯರು ಡೇರೆಯ ಚಿತ್ರ ಬರೆದು ವಿವರಿಸಿದರು. ನಡುಗೋಡೆಯ ಮೆದು ಎಲುಬು, ಅಂದರೆ ಮೃದ್ವಸ್ಥಿ, ಮೂಗನ್ನು ಎತ್ತಿಹಿಡಿಯುವ ಕಂಬ. ಡೊಂಕು ತೆಗೆಯುವಾಗ ಮೇಲೂ ಮುಂದೂ ಸುಮಾರು 1 ಸೆಂಟಿಮೀಟರ್ ಅಗಲದ ಪಟ್ಟಿ ಉಳಿಸಬೇಕು. ಅದು ಸೋತರೆ ಮೂಗು ಕುದುರೆಯ ಜೀನಿನಂತೆ ತಗ್ಗುತ್ತದೆ. ಒಳಗೆ ರಕ್ತ ಕಟ್ಟಿ ಕೀವಾದರೂ ಹೀಗಾಗುವುದುಂಟು. ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿ ತೆಗೆದು ಅಲ್ಲಿ ಕೂರಿಸಬಹುದು. ಆದರೆ ಊತ ಇಳಿದು ಗಾಯ ಮಾಗಲು ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು. "ಹಳೆಯ ಮೂಗೇ ಬರುತ್ತದೆಂದು ಮಾತು ಕೊಡಲಾರೆ" ಎಂದೂ ಹೇಳಿದರು. ಆ ಮಾತಿನಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು.

ಕಾಯುತ್ತಿದ್ದ ಆ ವರ್ಷ ಸಿಕ್ಕಿದ್ದೆಲ್ಲ ಓದಿದೆ. ಹೋದ ಮೂಗನ್ನು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆಯಂತೆ. ಟಿಪ್ಪುವಿನೊಡನೆ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು 1794ರಲ್ಲಿ ಅಚ್ಚುಹಾಕಿತು. ಆ ಗಂಡಸಿಗೂ ತನ್ನ ಮುಖ ಬೇಕಿತ್ತು. ನಾನು ಕೇಳಿದರೆ ಮಾತ್ರ ಅದು ಶೋಕಿಯೇ?

ಕಿವಿಯ ಮೃದ್ವಸ್ಥಿ ಕೂರಿಸಿಕೊಂಡು ಬಂದೆ. ಈಗಿನದು ಪೂರ್ತಿ ಅಮ್ಮನ ಮೂಗಲ್ಲ. ಬಲಕ್ಕೆ ತಿರುಗಿದರೆ ಅವಳು, ಎಡಕ್ಕೆ ತಿರುಗಿದರೆ ನಾನು. ಗಾಯ ಮಾಗಿ ವೈದ್ಯರು ಒಪ್ಪಿದ ಮೇಲೆ ಹರಳಿನ ಬೊಟ್ಟನ್ನು ಅತ್ತೆಯೇ ತಿರುಪಿ ಕೂರಿಸಿದರು. "ಚೆನ್ನಾಗಿದೆ" ಎನ್ನಲಿಲ್ಲ. ಕನ್ನಡಿ ತಂದು ಕೈಗೆ ಕೊಟ್ಟರು.